ಎಫ್4 ದೋಸ್ತನಿಗೆ

ಲೇ ದೋಸ್ತ,

ಹೋದ ಭಾನುವಾರ ಹುಬ್ಬಳ್ಳಿಯಲ್ಲಿ ಚೆಸ್ ಟೂರ್ನಮೆಂಟ್ ಆಡಿದೆ. ನಗಬೇಡ. ಮೂರನೇ ರೌಂಡಿನಲ್ಲಿ ಎದುರಿಗೆ ಕೂತವನಿಗೆ 11 ವರ್ಷ ಇರಬಹುದು, ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಎರಡನೇ ನಡೆಗೇ ಪ್ಯಾದೆಯನ್ನ ಎಫ್4 ಮನೆಗೆ ತಳ್ಳಿ ಗಡಿಯಾರ ಒತ್ತಿದ.

ಕಿಂಗ್ಸ್ ಗ್ಯಾಂಬಿಟ್, ಶುರುವಿನಲ್ಲೇ ಪ್ಯಾದೆ ಬಲಿ ಕೊಡೋ ಓಪನಿಂಗ್! ನಿನ್ನನ್ನ ಬಿಟ್ಟು ಅದನ್ನ ಯಾರು ಆಡ್ತಾರೆ? 1960ರಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಸ್ಪಾಸ್ಕಿ ಇದನ್ನೇ ಆಡಿ ಅಮೆರಿಕದ ಫಿಶರ್‌ನನ್ನ ಸೋಲಿಸಿದ. ಮರುವರ್ಷ ಫಿಶರ್, ಈ ಓಪನಿಂಗ್ ಕೆಲಸಕ್ಕೆ ಬಾರದ್ದು ಅಂತ ಲೇಖನ ಬರೆದ. ಆಮೇಲೆ ತಾನೇ ಬಿಳಿಕಾಯಿ ಹಿಡಿದು ಅದನ್ನ ಆಡಿದ. ಈ ಕಥೆ ಹೇಳಿ ಹೇಳಿ ನನ್ನ ತಲೆ ತಿಂದಿದ್ದೆ ನೀನು.

ಹುಡುಗ ನಿನ್ನ ಹಾಗೇ ಕುದುರೆ ಬಿಟ್ಟುಕೊಟ್ಟು ಕ್ಯಾಸಲ್ ಮಾಡಿದ, ಅಂದ್ರೆ ರಾಜನನ್ನ ಆನೆಯ ಕಡೆ ಸರಿಸಿ ಭದ್ರ ಮಾಡಿಕೊಂಡ. ಕುದುರೆ ತಿಂದೆ. ಅವನ ಮಂತ್ರಿ ಎಫ್3ಕ್ಕೆ, ನನ್ನದು ಎಫ್6ಕ್ಕೆ. ಪ್ಯಾದೆಯನ್ನ ಇ5ಕ್ಕೆ ತಳ್ಳಿದ, ಅದನ್ನೂ ತಿಂದೆ. ಒಂಟೆಯನ್ನ ಎಫ್7ಕ್ಕೆ ನುಗ್ಗಿಸಿ ಚೆಕ್ ಕೊಟ್ಟ. ಅದನ್ನೂ ತಿಂದೆ. ಎರಡು ಕಾಯಿ ಪುಕ್ಕಟೆ, ಆದ್ರೆ ನನ್ನ ರಾಜ ಸಂತೆಯಲ್ಲಿ ಧೋತ್ರ ಬಿಚ್ಚಿಹೋದವನ ಹಾಗೆ ನಿಂತಿದ್ದ.

ಹೇಗೋ ಬಚಾವಾದೆ. 38ನೇ ನಡೆಯಲ್ಲಿ ಹುಡುಗ ಸೋತೆ ಅಂತ ಕೈ ಚಾಚಿದ. ಅವನ ಮಂತ್ರಿ ಎರಡೇ ಮನೆಯಲ್ಲಿ ಆಚೆ ಈಚೆ ಚೆಕ್ ಕೊಡ್ತಾ ಇದ್ದಿದ್ರೆ ಡ್ರಾ. ನನಗೆ ಅದು ಎರಡು ನಿಮಿಷದಿಂದ ಕಾಣ್ತಿತ್ತು. ಗಬಕ್ಕನೆ ಕೈ ಹಿಡಿದುಕೊಂಡೆ.

ಹೊರಗೆ ಕಾಯಿ ಜೋಡಿಸಿ ನೋಡುವಾಗ ಅವನೇ ಕಂಡುಹಿಡಿದ. "ಅಂಕಲ್, ಇಲ್ಲಿ ಡ್ರಾ ಇತ್ರೀ! ನಿಮಗ ಕಂಡಿತ್ತೇನ್ರೀ?"

"ಇಲ್ಲಪ್ಪ" ಅಂದೆ.

ಕೈ ಕೊಟ್ಟ ಮೇಲೆ ಆಟ ಮುಗೀತು, ನಿಯಮದ ಪ್ರಕಾರ ನನ್ನ ತಪ್ಪೇನೂ ಇಲ್ಲ. ಆದ್ರೆ ಧಾರವಾಡದ ಬಸ್ಸು ನವನಗರ ದಾಟುವಾಗ ಹೊಳೆಯಿತು, ಈ "ಇಲ್ಲಪ್ಪ" ಹೊಸದಲ್ಲ. 2003ರ ಹಾಸ್ಟೆಲ್ ಫೈನಲ್. ಆನೆ ಹೋಯ್ತು ಅಂತ ನೀನು ಕೈ ಕೊಟ್ಟೆ. ನಿನ್ನ ರಾಜನಿಗೆ ಮನೆ ಇರಲಿಲ್ಲ, ಪ್ಯಾದೆಗಳೆಲ್ಲ ಸಿಕ್ಕಿಹಾಕಿಕೊಂಡಿದ್ದವು. ಉಳಿದ ಕುದುರೆಯನ್ನೂ ನನಗೆ ತಿನ್ನಿಸಿದ್ರೆ ಸ್ಟೇಲ್‌ಮೇಟ್, ಅಂದ್ರೆ ಆಡೋಕೆ ನಡೆಯೇ ಇಲ್ಲದೆ ಡ್ರಾ. ರಾತ್ರಿ ಮೆಸ್ಸಿನಲ್ಲಿ, ರೊಟ್ಟಿ ಮುರಿಯುತ್ತಾ, "ಏನರ ಇತ್ತೇನಲೇ?" ಅಂತ ಕೇಳಿದ್ದೆ ನೀನು. ನಾನು ಪಲ್ಯ ನೋಡ್ತಾ ಇಲ್ಲ ಅಂದಿದ್ದೆ.

ಆಮೇಲೆ ನೀನು ಬೋರ್ಡ್ ಮುಟ್ಟಲೇ ಇಲ್ಲ. ಪರೀಕ್ಷೆ ಹತ್ತಿರ ಬಂತು ಅದಕ್ಕೆ, ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದವನು ನಾನೇ.

ಫೋನಿನಲ್ಲೇ ಹೇಳಬಹುದಿತ್ತು. ಇಲ್ಲಿ ಬರೆದ್ರೆ ನಾಲ್ಕು ಜನರ ಮುಂದೆ ಸ್ವಲ್ಪ ನೋಡಿ ಬೈತೀ ಅಲ್ವಾ, ಅದಕ್ಕೆ.

ನಿನ್ನ ಸಮಾಧಾನಕ್ಕೆ ಹೇಳ್ತೀನಿ, ನಾಲ್ಕನೇ ರೌಂಡಿನಲ್ಲಿ ಒಬ್ಬ ಅಜ್ಜ ಆಕಳಿಸುತ್ತಲೇ ನನ್ನನ್ನ 16 ನಡೆಗೆ ಮುಗಿಸಿದರು. ಹಾಸ್ಟೆಲ್ಲಿನ ಕಪ್ ಇನ್ನೂ ಟೇಬಲ್ ಮೇಲಿದೆ, ಪೆನ್ನು ಹಾಕ್ತೀವಿ. ಬಂದು ಒಯ್ಯಿ, ಪೆನ್ನು ಬಿಟ್ಟು. ಎಮ್ಮೆಯ ವಿಷಯ ಮಾತ್ರ ಇಲ್ಲಿ ಎತ್ತಬೇಡ, ಮನೆಯವರು ಓದ್ತಾರೆ.

ನಿನ್ನ,
ಕರಿಕಾಯಿ