ಕಳಿಸದ ಮೇಲ್ ಮರಳಿ ಬಂದರೆ ತಪ್ಪು ಯಾರದು?

ಮಾನ್ಯ ಸಂಪಾದಕರೇ,

‘ನಿಮ್ಮ ಸಂದೇಶ ತಲುಪಲಿಲ್ಲ’ ಎಂಬ ಒಕ್ಕಣೆಯ ಮೇಲ್‌ಗಳು ಕೆಲವೊಮ್ಮೆ ಬೆಳಗಾಗುವುದರೊಳಗೆ ನೂರಾರು ಬಂದು ಇನ್‌ಬಾಕ್ಸ್ ತುಂಬಿಬಿಡುತ್ತವೆ. ಅವುಗಳಲ್ಲಿರುವ ವಿಳಾಸಗಳಿಗೆ ನಾವು ಏನನ್ನೂ ಕಳಿಸಿರುವುದಿಲ್ಲ. ಆಗ ಅನೇಕರು ಖಾತೆ ಹ್ಯಾಕ್ ಆಯಿತೆಂದು ಗಾಬರಿಯಾಗಿ ವರ್ಷಗಳಿಂದ ಬಳಸುತ್ತಿದ್ದ ವಿಳಾಸವನ್ನೇ ಮುಚ್ಚಿಬಿಡುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಇದು ಅನಗತ್ಯ. ನಮ್ಮ ವಿಳಾಸವನ್ನು ಕದ್ದು ಬಳಸಿದ ಸ್ಪ್ಯಾಮ್ ದಂಧೆಯವರು ಮೊದಲ ಅಪರಾಧಿಗಳು, ನಿಜ. ಆದರೆ ಆ ಕಸವನ್ನು ನಮ್ಮ ಬಾಗಿಲಿಗೆ ತಂದು ಸುರಿಯುವುದು ಮೇಲನ್ನು ಮೊದಲು ಒಪ್ಪಿಕೊಂಡು ಆಮೇಲೆ ವಾಪಸ್ ಕಳಿಸುವ ಸರ್ವರ್‌ಗಳು. ಅವನ್ನು ಸರಿಪಡಿಸುವ ದಾರಿ ಗೊತ್ತಿದ್ದೂ ಹಾಗೇ ಬಿಟ್ಟಿರುವುದು ಸರಿಯಲ್ಲ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ ಪ್ರಕಟವಾದದ್ದು 1982ರಲ್ಲಿ. ಕಳಿಸುವವರು ನಿಜವಾಗಿ ಯಾರು ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂಚೆ ಲಕೋಟೆಯ ಮೇಲೆ ‘ಇಂದ’ ಎಂದು ಯಾರ ವಿಳಾಸ ಬರೆದರೂ ನಡೆಯುತ್ತದೆ, ತಲುಪದಿದ್ದರೆ ಆ ವಿಳಾಸಕ್ಕೇ ಪತ್ರ ಮರಳುತ್ತದೆ, ಇಲ್ಲೂ ಹಾಗೆಯೇ. ಮೇಲ್‌ನಲ್ಲಿ ಎರಡು ‘ಇಂದ’ ವಿಳಾಸಗಳಿರುತ್ತವೆ. ಒಂದು, ಓದುವವರ ಕಣ್ಣಿಗೆ ಕಾಣುವ ‘ಫ್ರಮ್’ ಸಾಲು. ಇನ್ನೊಂದು, ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ, ‘ರಿಟರ್ನ್ ಪಾತ್’ ಎಂದು ದಾಖಲಾಗುವ ವಿಳಾಸ. ಮೇಲ್ ತಲುಪಲಿಲ್ಲ ಎಂಬ ಸೂಚನೆ, ಅಂದರೆ ‘ಬೌನ್ಸ್’, ಹೋಗುವುದು ಈ ಎರಡನೆಯದಕ್ಕೆ. ಎರಡನ್ನೂ ಖೊಟ್ಟಿಯಾಗಿ ತುಂಬುವುದು ಕಷ್ಟವೇನಲ್ಲ.

ಬೌನ್ಸ್ ಬಂದಾಗ ಮೊದಲು ತಿಳಿಯಬೇಕಾದದ್ದು ಮೂಲ ಮೇಲ್ ನಮ್ಮ ಖಾತೆಯಿಂದಲೇ ಹೊರಟಿತೇ, ಇಲ್ಲವೇ ಎಂಬುದು. ಕಳಿಸಿದ ಮೇಲ್‌ಗಳ ಫೋಲ್ಡರ್ ಖಾಲಿ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಒಳಹೊಕ್ಕವರು ಅದನ್ನು ಅಳಿಸಿರಬಹುದು, ಅಲ್ಲಿ ಪ್ರತಿ ಉಳಿಯದ ದಾರಿಯಿಂದ ಕಳಿಸಿರಲೂಬಹುದು. ನಂಬಬಹುದಾದ ಸಾಕ್ಷ್ಯ ಬೌನ್ಸ್‌ನ ಒಳಗೇ ಇರುತ್ತದೆ. ಸರಿಯಾದ ಬೌನ್ಸ್‌ನಲ್ಲಿ ಮೂರು ಭಾಗ: ಮನುಷ್ಯರು ಓದುವ ಸೂಚನೆ, ಯಂತ್ರಗಳು ಓದುವ ವರದಿ, ಕೊನೆಯಲ್ಲಿ ಮೂಲ ಮೇಲ್ ಅಥವಾ ಅದರ ಹೆಡರ್ (ಮೇಲ್ ಯಾರಿಂದ, ಯಾವ ದಾರಿಯಿಂದ ಬಂತು ಎಂಬ ವಿವರಗಳ ತಲೆಭಾಗ) ಮಾತ್ರ. ಎರಡನೆಯ ಭಾಗದಲ್ಲಿ 5.1.1 ಎಂದಿದ್ದರೆ ಆ ಹೆಸರಿನ ಮೇಲ್‌ಬಾಕ್ಸ್ ಇಲ್ಲ ಎಂದರ್ಥ, 5.2.2 ಎಂದರೆ ಮೇಲ್‌ಬಾಕ್ಸ್ ತುಂಬಿದೆ, 4.4.7 ಎಂದರೆ ಪ್ರಯತ್ನಿಸುತ್ತಲೇ ಅವಧಿ ಮುಗಿಯಿತು.

ಮೂರನೆಯ ಭಾಗದಲ್ಲಿ ‘ರಿಸೀವ್ಡ್’ ಎಂದು ಶುರುವಾಗುವ ಸಾಲುಗಳನ್ನು ಹುಡುಕಿ. ಮೇಲ್ ಹಾದುಹೋದ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತದೆ. ಕೆಳಗಿನ ಸಾಲುಗಳನ್ನು ಸ್ಪ್ಯಾಮ್ ಕಳಿಸಿದವರೇ ಕಟ್ಟಿ ಹಾಕಿರಬಹುದು, ಆದ್ದರಿಂದ ನಂಬಿಕೆಗೆ ಅರ್ಹವಾದದ್ದು ಬೌನ್ಸ್ ಮಾಡಿದ ಸಂಸ್ಥೆಯ ಸರ್ವರ್‌ಗಳು ಬರೆದ ಮೇಲಿನ ಸಾಲುಗಳು ಮಾತ್ರ. ಆ ಸಂಸ್ಥೆಗೆ ಹೊರಗಿನಿಂದ ಮೇಲ್ ತಂದುಕೊಟ್ಟ ಯಂತ್ರದ ಐಪಿ ಸಂಖ್ಯೆ (ಅಂತರ್ಜಾಲದಲ್ಲಿ ಅದರ ವಿಳಾಸ) ಅಲ್ಲಿರುತ್ತದೆ. ಅದು ನಿಮ್ಮ ಮೇಲ್ ಸೇವೆಯದ್ದಲ್ಲದೆ ಯಾವುದೋ ಅಪರಿಚಿತ ಜಾಲದ್ದಾಗಿದ್ದರೆ ನಿಮ್ಮ ಖಾತೆಗೆ ಯಾರೂ ಕೈಹಾಕಿಲ್ಲ, ವಿಳಾಸವನ್ನಷ್ಟೇ ದುರುಪಯೋಗ ಮಾಡಿದ್ದಾರೆ.

ಸಂಖ್ಯೆ ನಿಮ್ಮದೇ ಸೇವೆಯದ್ದಾಗಿದ್ದರೆ, ಅಥವಾ ಅನುಮಾನ ಉಳಿದರೆ, ತಡಮಾಡಬಾರದು. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಎರಡು ಹಂತದ ಪರಿಶೀಲನೆ ಹಾಕಿ, ಹಿಂದೆ ಕೊಟ್ಟಿದ್ದ ಆ್ಯಪ್ ಪಾಸ್‌ವರ್ಡ್‌ಗಳನ್ನೂ ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳನ್ನೂ ರದ್ದು ಮಾಡಿ. ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಒಳಬಂದವರು ಅಲ್ಲಿ ಒಂದು ನಿಯಮ ಬರೆದಿಟ್ಟಿದ್ದರೆ ಪಾಸ್‌ವರ್ಡ್ ಬದಲಾದ ಮೇಲೂ ನಿಮ್ಮ ಮೇಲ್ ಅವರಿಗೆ ಹೋಗುತ್ತಲೇ ಇರುತ್ತದೆ.

ಬೌನ್ಸ್‌ನ ವೇಷ ಹಾಕಿದ ಮೋಸದ ಮೇಲ್‌ಗಳೂ ಉಂಟು. 2004ರ ಜನವರಿಯಲ್ಲಿ ಹಬ್ಬಿದ ಮೈಡೂಮ್ ಎಂಬ ವರ್ಮ್ (ತಾನಾಗಿ ಹರಡುವ ಕುತಂತ್ರಾಂಶ) ಬಂದದ್ದು ‘ಮೇಲ್ ತಲುಪಲಿಲ್ಲ’ ಎಂಬ ಸೂಚನೆಯ ರೂಪದಲ್ಲೇ. ಅಟ್ಯಾಚ್‌ಮೆಂಟ್ ತೆರೆದವರ ಕಂಪ್ಯೂಟರ್‌ಗೆ ಅದು ಅಂಟಿಕೊಂಡಿತು. ಬೌನ್ಸ್ ಒಳಗಿನ ಹೆಡರ್ ನೋಡಲು ಅಟ್ಯಾಚ್‌ಮೆಂಟ್ ತೆರೆಯಬೇಕಿಲ್ಲ, ಲಿಂಕ್ ಒತ್ತಬೇಕಿಲ್ಲ. ಜಿಮೇಲ್‌ನಲ್ಲಾದರೆ ಮೂರು ಚುಕ್ಕಿಯ ಮೆನುವಿನಲ್ಲಿ ಮೂಲರೂಪ ತೋರಿಸುವ ಆಯ್ಕೆ ಇದೆ, ಬೇರೆ ಸೇವೆಗಳಲ್ಲೂ ಇಂಥದ್ದೊಂದು ಇರುತ್ತದೆ. ‘ಖಾತೆ ಉಳಿಸಿಕೊಳ್ಳಲು ಇಲ್ಲಿ ಲಾಗಿನ್ ಆಗಿ’ ಎನ್ನುವ ಬೌನ್ಸ್ ಬೌನ್ಸ್ ಅಲ್ಲ.

ಇಷ್ಟಾದ ಮೇಲೆ ಬರೀ ದುರುಪಯೋಗ ಎಂದು ತಿಳಿದರೆ ತಾಳ್ಮೆಯೇ ದೊಡ್ಡ ಮದ್ದು. ಸ್ಪ್ಯಾಮ್ ಕಳಿಸುವವರು ಒಂದೇ ವಿಳಾಸಕ್ಕೆ ಅಂಟಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೊಳೆ ಇಳಿಯುತ್ತದೆ. ಅಲ್ಲಿಯವರೆಗೆ ಬೌನ್ಸ್‌ಗಳನ್ನು ಬೇರೆ ಫೋಲ್ಡರ್‌ಗೆ ಸರಿಸುವ ಫಿಲ್ಟರ್ ಹಾಕಿಕೊಳ್ಳಬಹುದು. ಅಳಿಸುವ ಫಿಲ್ಟರ್ ಬೇಡ, ನೀವು ನಿಜವಾಗಿ ಕಳಿಸಿದ್ದು ತಲುಪದಿದ್ದಾಗ ಬರುವ ಸೂಚನೆಯೂ ಅದರಲ್ಲಿ ಸೇರಿ ಹೋಗುತ್ತದೆ. ಬೌನ್ಸ್‌ಗೆ ಉತ್ತರಿಸುವುದರಿಂದಲೂ ಉಪಯೋಗವಿಲ್ಲ. ಸಿಟ್ಟಿನಿಂದ ಬರೆದವರು ನಿಜವಾದ ಮನುಷ್ಯರಾಗಿದ್ದರೆ, ವಿಳಾಸ ಖೊಟ್ಟಿ ಎಂದು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ಸ್ವಂತ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರದ ಹೆಸರು) ಇರುವ ಸಂಸ್ಥೆಗಳ ಕಥೆ ಬೇರೆ. ಅವರಿಗೆ ಈ ಕಾಟ ಹತ್ತು ಪಟ್ಟಾಗುವುದು ‘ಕ್ಯಾಚ್‌ಆಲ್’ ಎಂಬ ಏರ್ಪಾಡಿನಿಂದ. ಡೊಮೈನ್‌ನ ಹೆಸರಿಗೆ ಏನೇ ಬರಲಿ, ಒಂದೇ ಪೆಟ್ಟಿಗೆಗೆ ಬೀಳಲಿ ಎಂಬ ಸೌಲಭ್ಯವದು. ಸ್ಪ್ಯಾಮ್ ದಂಧೆಯವರು ಡೊಮೈನ್ ಹೆಸರಿನ ಹಿಂದೆ ಬಾಯಿಗೆ ಬಂದ ಅಕ್ಷರ ಸೇರಿಸಿ ಸಾವಿರಾರು ವಿಳಾಸ ಹುಟ್ಟಿಸುತ್ತಾರೆ, ಅವಕ್ಕೆ ಬರುವ ಬೌನ್ಸ್‌ಗಳೆಲ್ಲ ಆ ಪೆಟ್ಟಿಗೆಗೇ ಬೀಳುತ್ತವೆ. ಅದನ್ನು ಮುಚ್ಚಿ. ಮುಚ್ಚುವ ಮೊದಲು ಲಾಗ್ ನೋಡಿ, ನಿಜವಾದ ಪತ್ರ ಬರುತ್ತಿರುವ ವಿಳಾಸಗಳನ್ನು ಪಟ್ಟಿ ಮಾಡಿ, ಅವುಗಳಿಗೆ ಬೇರೆಬೇರೆ ಅಲಿಯಾಸ್ (ಇರುವ ಪೆಟ್ಟಿಗೆಗೆ ಮೇಲ್ ತಲುಪಿಸುವ ಬದಲಿ ಹೆಸರು) ಮಾಡಿಕೊಳ್ಳಿ. ‘ಪೋಸ್ಟ್‌ಮಾಸ್ಟರ್’ ಮತ್ತು ‘ಅಬ್ಯೂಸ್’ ಎಂಬ ಎರಡು ಹೆಸರುಗಳನ್ನು ಯಾವ ಕಾರಣಕ್ಕೂ ಬಿಡಬೇಡಿ, ದೂರು ಹೇಳಬೇಕಾದ ಬೇರೆ ಸರ್ವರ್‌ನವರು ಬರೆಯುವುದು ಅಲ್ಲಿಗೇ.

ಆಮೇಲೆ ಡೊಮೈನ್ ಹೆಸರುಗಳ ವಿವರವಿಡುವ ಸಾರ್ವಜನಿಕ ಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದಾಖಲೆ. ಎಸ್‌ಪಿಎಫ್ ನಮ್ಮ ಹೆಸರಿನಲ್ಲಿ ಯಾವ ಯಂತ್ರಗಳು ಮೇಲ್ ಕಳಿಸಬಹುದು ಎಂಬುದರ ಪಟ್ಟಿ. ಇದರಲ್ಲಿ ಆಗುವ ತಪ್ಪುಗಳು ಬಹುತೇಕ ಒಂದೇ ಬಗೆಯವು: ಒಂದೇ ಡೊಮೈನ್‌ಗೆ ಎರಡು ಎಸ್‌ಪಿಎಫ್ ದಾಖಲೆ ಬರೆಯುವುದು, ಬೇರೆ ಸೇವೆಗಳ ಪಟ್ಟಿಯನ್ನು ಎಳೆದುತರುವ ‘ಇನ್‌ಕ್ಲೂಡ್’ಗಳನ್ನು ಸೇರಿಸುತ್ತಾ ಹೋಗಿ ಡಿಎನ್‌ಎಸ್ ವಿಚಾರಣೆಗಳ ಮಿತಿಯಾದ 10ನ್ನು ದಾಟುವುದು. ಎರಡರಲ್ಲೂ ಫಲಿತಾಂಶ ಶಾಶ್ವತ ದೋಷ ಎಂದೇ ಬರುತ್ತದೆ, ದಾಖಲೆ ಇದ್ದೂ ಇಲ್ಲದಂತಾಗುತ್ತದೆ. ಎಸ್‌ಪಿಎಫ್ ನೋಡುವುದು ರಿಟರ್ನ್ ಪಾತನ್ನು. ಕಣ್ಣಿಗೆ ಕಾಣುವ ಫ್ರಮ್ ಸಾಲಿಗೂ ಅದಕ್ಕೂ ತಾಳೆ ಹಾಕುವುದು ಡಿಮಾರ್ಕ್. ಡಿಕೆಐಎಂ ಪ್ರತಿ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ. ಫಾರ್ವರ್ಡ್ ಆದ ಮೇಲ್ ಎಸ್‌ಪಿಎಫ್‌ನಲ್ಲಿ ಸೋಲುವುದು ಸಾಮಾನ್ಯ, ಆದರೆ ಒಕ್ಕಣೆ ಬದಲಾಗದಿದ್ದರೆ ಸಹಿ ಉಳಿಯುತ್ತದೆ.

ತಾಳೆಯಾಗದ ಮೇಲನ್ನು ಏನು ಮಾಡಬೇಕೆಂದು ಹೇಳುವುದೂ ಡಿಮಾರ್ಕ್. ಅದರಲ್ಲಿ ಮೊದಲ ದಿನವೇ ‘ರಿಜೆಕ್ಟ್’ (ತಿರಸ್ಕರಿಸಿ) ಎಂದು ಬರೆದರೆ ಸ್ವಂತ ಬಿಲ್ಲು, ರಸೀದಿಗಳೇ ತಿರಸ್ಕಾರವಾಗಬಹುದು. ಮೊದಲು ‘ನನ್’ (ಏನೂ ಮಾಡಬೇಡಿ) ಎಂದಿಟ್ಟು, ವರದಿ ಬರಲು ಒಂದು ವಿಳಾಸ ಕೊಟ್ಟು, ಕೆಲವು ವಾರ ಆ ವರದಿಗಳನ್ನು ಓದಿ. ಮರೆತುಹೋದ ಹಳೆಯ ಬಿಲ್ಲಿಂಗ್ ತಂತ್ರಾಂಶ, ವೆಬ್‌ಸೈಟಿನ ಸಂಪರ್ಕ ಫಾರ್ಮ್ ಇತ್ಯಾದಿಗಳೆಲ್ಲ ಆಗ ಬೆಳಕಿಗೆ ಬರುತ್ತವೆ. ಅವನ್ನು ಸರಿಪಡಿಸಿ ‘ಕ್ವಾರಂಟೈನ್’ಗೆ (ಸ್ಪ್ಯಾಮ್ ಎಂದು ಬೇರೆ ಇಡಿ), ಕೊನೆಗೆ ‘ರಿಜೆಕ್ಟ್’ಗೆ ಹೋಗಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ಕಡಿಮೆ ಕಳಿಸುವವರೂ ಮಾಡಿಕೊಂಡರೆ ಒಳ್ಳೆಯದು. ಇವುಗಳಿಂದ ಬೌನ್ಸ್ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಕಣ್ಣುಮುಚ್ಚಿ ಮೇಲ್ ಸ್ವೀಕರಿಸಿ ಬೌನ್ಸ್ ಮಾಡುವ ಸರ್ವರ್‌ಗಳು ಈ ದಾಖಲೆಗಳನ್ನೂ ನೋಡದೇ ಇರಬಹುದು.

ಹೀಗಾಗಿ ಮುಖ್ಯ ಮಾತು ಸರ್ವರ್ ನಿರ್ವಾಹಕರಿಗೆ. ಎಸ್‌ಎಂಟಿಪಿ ಸಂಭಾಷಣೆಯಲ್ಲಿ ಕಳಿಸುವ ಯಂತ್ರ ಮೊದಲು ತನ್ನ ಕಡೆಯ ವಿಳಾಸ ಹೇಳುತ್ತದೆ, ಆಮೇಲೆ ತಲುಪಬೇಕಾದ ವಿಳಾಸ, ಒಕ್ಕಣೆ ಬರುವುದು ಕೊನೆಗೆ. ಎರಡನೆಯ ಹಂತದಲ್ಲೇ ‘550, ಅಂಥವರು ಇಲ್ಲಿಲ್ಲ’ ಎಂದರೆ ನಿಮ್ಮ ಸರ್ವರ್ ಬೌನ್ಸ್ ಹುಟ್ಟಿಸುವ ಪ್ರಶ್ನೆಯೇ ಇಲ್ಲ. ತಲುಪಲಿಲ್ಲ ಎಂದು ತಿಳಿಸುವ ಹೊಣೆ ಕಳಿಸಿದ ಯಂತ್ರದ ಮೇಲೇ ಉಳಿಯುತ್ತದೆ. ಅದು ಸ್ಪ್ಯಾಮ್ ಯಂತ್ರವಾದರೆ ಸುಮ್ಮನೆ ಮುಂದಿನ ವಿಳಾಸಕ್ಕೆ ಹೋಗುತ್ತದೆ. ಒಕ್ಕಣೆಯನ್ನೂ ಪಡೆದು ‘250, ಸರಿ’ ಎಂದು ಒಪ್ಪಿಕೊಂಡಿರೋ, ಹೊಣೆ ನಿಮ್ಮದಾಯಿತು. ಆಮೇಲೆ ಮೇಲ್‌ಬಾಕ್ಸ್ ಇಲ್ಲ ಎಂದು ಗೊತ್ತಾದರೆ ಬೌನ್ಸ್ ಹೋಗುವುದು ಏನೂ ಅರಿಯದ ಮೂರನೆಯವರಿಗೆ.

ಇದು ಹೆಚ್ಚಾಗಿ ಆಗುವುದು ಎರಡು ಕಡೆ. ಸ್ಪ್ಯಾಮ್ ಸೋಸುವ ಗೇಟ್‌ವೇ ಮುಂದೆ ನಿಂತಿರುತ್ತದೆ, ಮೇಲ್‌ಬಾಕ್ಸ್‌ಗಳ ಪಟ್ಟಿ ಹಿಂದಿನ ಸರ್ವರ್‌ನಲ್ಲಿರುತ್ತದೆ. ಅಥವಾ ಮುಖ್ಯ ಸರ್ವರ್ ನಿಂತಾಗ ಬೇಕಾಗುತ್ತದೆಂದು ಇಟ್ಟ ಬದಲಿ ಸರ್ವರ್, ಅಂದರೆ ಬ್ಯಾಕಪ್ ಎಂಎಕ್ಸ್‌ಗೆ ಆ ಪಟ್ಟಿಯನ್ನೇ ಕೊಟ್ಟಿರುವುದಿಲ್ಲ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ‘ರಿಲೇ_ರೆಸಿಪಿಯಂಟ್_ಮ್ಯಾಪ್ಸ್’ ಖಾಲಿ ಬಿಟ್ಟರೆ ರಿಲೇ ಡೊಮೈನ್‌ನ (ಬೇರೆ ಸರ್ವರ್‌ಗೆ ದಾಟಿಸಬೇಕಾದ ಡೊಮೈನ್) ಎಲ್ಲ ಹೆಸರುಗಳನ್ನೂ ಅದು ಒಪ್ಪಿಕೊಳ್ಳುತ್ತದೆ. ಅಲ್ಲಿ ಪಟ್ಟಿ ಕೊಡಿ, ಪಟ್ಟಿ ತಾನಾಗಿ ನವೀಕರಣವಾಗುವಂತೆ ನೋಡಿಕೊಳ್ಳಿ. ಎಕ್ಸಿಮ್ ಎಂಬ ಇನ್ನೊಂದು ತಂತ್ರಾಂಶದಲ್ಲಾದರೆ ಹಿಂದಿನ ಸರ್ವರನ್ನು ಕೇಳಿ ಖಚಿತಪಡಿಸಿಕೊಳ್ಳುವ ಕಾಲ್‌ಔಟ್ ಇದೆ. ಪಟ್ಟಿ ಕೊಡಲಾಗದ ಬ್ಯಾಕಪ್ ಎಂಎಕ್ಸ್ ಇದ್ದರೆ ತೆಗೆದುಹಾಕುವುದೇ ಮೇಲು. ಮುಖ್ಯ ಸರ್ವರ್ ಕೆಲಹೊತ್ತು ನಿಂತರೂ ಕಳಿಸುವ ಸರ್ವರ್‌ಗಳು ಮೇಲನ್ನು ಸಾಲಿನಲ್ಲಿಟ್ಟುಕೊಂಡು ಮತ್ತೆಮತ್ತೆ ಪ್ರಯತ್ನಿಸುತ್ತವೆ. ನಾಲ್ಕೈದು ದಿನವಾದರೂ ಬಿಡಬಾರದೆಂಬುದು ನಿಯಮಾವಳಿಯ ಸಲಹೆ.

ಸ್ಪ್ಯಾಮ್, ವೈರಸ್ ಪರೀಕ್ಷೆಯನ್ನೂ ಸಂಭಾಷಣೆ ಮುಗಿಯುವ ಮೊದಲೇ ಮಾಡಿ ಅಲ್ಲೇ ತಿರಸ್ಕರಿಸಿ. ‘ನೀವು ವೈರಸ್ ಕಳಿಸಿದ್ದೀರಿ’ ಎಂದು ಕಳಿಸಿದವರಿಗೆ ಎಚ್ಚರಿಕೆ ಬರೆಯುವ ಸೌಲಭ್ಯವನ್ನು ನಿಲ್ಲಿಸಿಬಿಡಿ, ವೈರಸ್ ಮೇಲ್‌ಗಳ ‘ಇಂದ’ ವಿಳಾಸ ಸಾಮಾನ್ಯವಾಗಿ ಸುಳ್ಳೇ. ರಜೆಯಲ್ಲಿದ್ದೇನೆ ಎಂಬ ಸ್ವಯಂಚಾಲಿತ ಉತ್ತರಗಳು ಸ್ಪ್ಯಾಮ್ ಎಂದು ಗುರುತಾದ ಮೇಲ್‌ಗಳಿಗೂ ಖಾಲಿ ರಿಟರ್ನ್ ಪಾತ್ ಇರುವ ಮೇಲ್‌ಗಳಿಗೂ ಹೋಗಬಾರದು.

ಬೌನ್ಸ್‌ಗಳ ರಿಟರ್ನ್ ಪಾತ್ ಖಾಲಿ ಇರುತ್ತದೆ, ಬೌನ್ಸ್‌ಗೆ ಬೌನ್ಸ್ ಹುಟ್ಟಿ ಕೊನೆಯಿಲ್ಲದೆ ಸುತ್ತಬಾರದೆಂದು. ಕಾಟ ತಡೆಯಲಾರದೆ ಕೆಲವು ನಿರ್ವಾಹಕರು ಖಾಲಿ ವಿಳಾಸದಿಂದ ಬರುವ ಎಲ್ಲವನ್ನೂ ತಡೆದುಬಿಡುತ್ತಾರೆ. ಅದು ನಿಯಮಕ್ಕೆ ವಿರುದ್ಧ, ತಮ್ಮ ಬಳಕೆದಾರರಿಗೆ ಬರಬೇಕಾದ ನಿಜವಾದ ಸೂಚನೆಗಳೂ ನಿಂತುಹೋಗುತ್ತವೆ. ಬದಲಿಗೆ ಬಿಎಟಿವಿ ವಿಧಾನ ಬಳಸಬಹುದು. ಹೊರಡುವ ಪ್ರತಿ ಮೇಲ್‌ನ ರಿಟರ್ನ್ ಪಾತ್‌ಗೆ ಕೆಲವೇ ದಿನ ಬಾಳುವ ಒಂದು ರಹಸ್ಯ ಗುರುತು ಸೇರುತ್ತದೆ. ಆ ಗುರುತಿಲ್ಲದ ವಿಳಾಸಕ್ಕೆ ಬರುವ ಬೌನ್ಸನ್ನು ಬಾಗಿಲಲ್ಲೇ ನಿರಾಕರಿಸಬಹುದು. ಕೆಲವು ಮೇಲಿಂಗ್ ಲಿಸ್ಟ್‌ಗಳು ಸದಸ್ಯರನ್ನು ರಿಟರ್ನ್ ಪಾತ್‌ನಿಂದ ಗುರುತಿಸುವುದರಿಂದ ಅಲ್ಲಿ ತೊಡಕಾಗುತ್ತದೆ, ಅವಕ್ಕೆ ವಿನಾಯಿತಿ ಇಡಬೇಕು.

ನಿಮ್ಮ ಸಂಸ್ಥೆಯ ಸರ್ವರ್ ಸರಿಯಿದೆಯೇ ಎಂದು ನೋಡಲು ಹೊರಗಿನ ಖಾತೆಯೊಂದರಿಂದ ನಿಮ್ಮ ಡೊಮೈನ್‌ನಲ್ಲಿ ಇಲ್ಲದ ಹೆಸರಿಗೆ ಒಂದು ಮೇಲ್ ಕಳಿಸಿ. ಬೌನ್ಸ್ ಬರೆದದ್ದು ಆ ಹೊರಗಿನ ಸೇವೆಯೇ ಆಗಿದ್ದು, ನಿಮ್ಮ ಸರ್ವರ್‌ನ 550 ಉತ್ತರವನ್ನು ಅದು ಉಲ್ಲೇಖಿಸಿದ್ದರೆ ಸರಿ. ಬೌನ್ಸ್ ನಿಮ್ಮದೇ ಸರ್ವರ್‌ನಿಂದ ಹೊರಟಿದ್ದರೆ ಇಂದೇ ಪಟ್ಟಿ ಹಾಕಿ. ಬ್ಯಾಕಪ್ ಎಂಎಕ್ಸ್ ಇದ್ದರೆ ಅದಕ್ಕೆ ನೇರವಾಗಿ ಸಂಪರ್ಕಿಸಿ ಇದೇ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕು.

ಇಂತಿ,
ಒಬ್ಬ ಮೇಲ್ ಸರ್ವರ್ ನಿರ್ವಾಹಕ