ಚಕ್ರ ತಿರುಗಿದ್ದು ಗೋವಾದಲ್ಲಿ, ತಲೆ ತಿರುಗಿದ್ದು ನಮಗೆ

ಮಾನ್ಯರೇ,

ನಮ್ಮೂರಿನ ಕಾಫಿ ವ್ಯಾಪಾರಿಯೊಬ್ಬರು ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಗೋವಾಕ್ಕೆ ಹೋಗಿ, ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗಿನಲ್ಲಿ ರೂಲೆಟ್ (ತಿರುಗುವ ಚಕ್ರದಲ್ಲಿ ಗುಂಡು ಯಾವ ಅಂಕಿಯ, ಯಾವ ಬಣ್ಣದ ಮನೆಗೆ ಬೀಳುವುದೆಂದು ಪಣ ಕಟ್ಟುವ ಜೂಜು) ಆಡಿ ಬರಿಗೈಯಲ್ಲಿ ಮರಳಿದ ಸುದ್ದಿಯನ್ನು ತಾವು ಮೊನ್ನೆಯ ಸಂಚಿಕೆಯಲ್ಲಿ 'ಗಣಿತದಿಂದ ಕ್ಯಾಸಿನೊ ಮಣಿಸಲು ಹೊರಟ ಸಾಹಸಿಗಳು' ಎಂಬ ತಲೆಬರಹದಡಿ ಪ್ರಕಟಿಸಿದ್ದೀರಿ. ಸಾಹಸವನ್ನು ಮೆಚ್ಚಿಕೊಳ್ಳಲು ನನ್ನ ಅಭ್ಯಂತರವಿಲ್ಲ. ಆದರೆ ಅದಕ್ಕೆ ಬಂಡವಾಳ ಒದಗಿಸಿದವರು ಯಾರೆಂದು ವರದಿಯಲ್ಲಿ ಒಂದು ಸಾಲೂ ಇಲ್ಲದಿರುವುದರಿಂದ ಈ ಪತ್ರ ಬರೆಯಬೇಕಾಯಿತು. ಒದಗಿಸಿದವರಲ್ಲಿ ನಾನೂ ಒಬ್ಬ.

ಈ ಸಲ ಕುಯ್ದು ಒಣಗಿಸಿದ 42 ಚೀಲ ರೋಬಸ್ಟಾ ಕಾಫಿ ಚೆರ್ರಿಯನ್ನು ದರ ಇನ್ನಷ್ಟು ಏರಲಿ ಎಂಬ ಆಸೆಯಿಂದ ಅವರ ಗೋದಾಮಿನಲ್ಲಿ ಇಟ್ಟು, ಎಲ್ಲರಂತೆ ಒಂದು ಕೈಚೀಟಿ ಪಡೆದು ಬಂದಿದ್ದೆ. ಅವರ ತಂದೆಯ ಕಾಲದಿಂದಲೂ ವ್ಯವಹಾರ ಹೀಗೆಯೇ ನಡೆದಿತ್ತು. ಈಗ ಅಂಗಡಿಯ ಶಟರ್ ಇಳಿದು ಹನ್ನೊಂದು ದಿನಗಳಾದವು. ಗೋದಾಮಿನಲ್ಲಿ ಚೀಲವಿಲ್ಲ, ಫೋನಿಗೆ ಉತ್ತರವಿಲ್ಲ. ಹೂವಿಗೆ ನೀರು ಹಾಯಿಸಬೇಕಾದ ಹೊತ್ತಿನಲ್ಲಿ ಡೀಸೆಲ್ಲಿಗೆ ಹಣವಿಲ್ಲದೆ ಪಂಪು ಶೆಡ್ಡಿನಲ್ಲಿ ಕುಳಿತಿದೆ. ಲೈನ್ ಮನೆಯಲ್ಲಿರುವ ಅಸ್ಸಾಮಿನ ಕೆಲಸಗಾರರು ಎರಡು ವಾರದ ಕೂಲಿ ಬಾಕಿಗಾಗಿ ಬೆಳಗ್ಗೆ ಎದ್ದ ಕೂಡಲೇ ನಮ್ಮ ಮನೆಯ ಜಗುಲಿಗೆ ಬರುತ್ತಾರೆ. ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ಶೂನ್ಯ ಹೋಗಿ ಬಡ್ಡಿ ಮಾತ್ರ ಉಳಿಯುತ್ತದೆ. ಮಗಳ ಕಾಲೇಜು ಶುಲ್ಕಕ್ಕೆಂದು ಭಾವನವರ ಮುಂದೆ ಕೈಚಾಚಿದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಇನ್ನು ಆ ಗಣಿತದ ವಿಚಾರ. ಸೋತಾಗಲೆಲ್ಲ ಪಣವನ್ನು ಇಮ್ಮಡಿಗೊಳಿಸಿದರೆ ಎಂದಾದರೂ ಒಮ್ಮೆ ಗೆದ್ದೇ ಗೆಲ್ಲಬೇಕು ಎಂಬುದು ಅವರ ಸೂತ್ರವಂತೆ. ಮಾರ್ಟಿಂಗೇಲ್ ಎಂಬ ಹೆಸರಿನ ಈ ಹಳೆಯ ಉಪಾಯಕ್ಕೆ ಲೆಕ್ಕ ಹಾಕಲು ಕಾಗದದ ಚೂರು ಸಾಕು: ಸಾವಿರ ರೂಪಾಯಿಯಿಂದ ಆರಂಭಿಸಿ ಸತತ ಹತ್ತು ಸಲ ಸೋತವನು 10,23,000 ರೂಪಾಯಿ ಕಳೆದುಕೊಂಡಿರುತ್ತಾನೆ, ಹನ್ನೊಂದನೆಯ ಸಲ 10,24,000 ರೂಪಾಯಿ ಒಡ್ಡಬೇಕಾಗುತ್ತದೆ, ಮತ್ತು ಅದನ್ನು ಗೆದ್ದರೂ ಅವನಿಗೆ ಒಟ್ಟಾರೆ ಉಳಿಯುವ ಲಾಭ ಅದೇ ಒಂದು ಸಾವಿರ. ಅಷ್ಟರೊಳಗೆ ಮೇಜಿನ ಗರಿಷ್ಠ ಪಣದ ಮಿತಿ ಅಡ್ಡ ಬರುತ್ತದೆ. ಹತ್ತು ಸಲ ಒಂದೇ ಬಣ್ಣ ಬರುವುದುಂಟೇ ಎಂದು ಕೇಳುವವರಿಗೆ, 1913ರ ಆಗಸ್ಟ್ 18ರಂದು ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಕಪ್ಪು ಬಣ್ಣ ಸತತ 26 ಬಾರಿ ಬಂದು, 'ಇನ್ನು ಕೆಂಪು ಬರಲೇಬೇಕು' ಎಂದು ಹಟ ಹಿಡಿದವರೆಲ್ಲ ಕೈ ಸುಟ್ಟುಕೊಂಡದ್ದನ್ನು ನೆನಪಿಸಬಹುದು. ಒಂದು ಸೊನ್ನೆಯ ಚಕ್ರದಲ್ಲಿ ಇರುವುದು 37 ಮನೆಗಳು. ಒಂದು ಅಂಕಿಯ ಮೇಲೆ ಗೆದ್ದವನಿಗೆ ಕೊಡುವುದು ಒಂದಕ್ಕೆ 35 ಮಾತ್ರ. ಆ ವ್ಯತ್ಯಾಸದಲ್ಲಿ ನೂರಕ್ಕೆ 2.7ರಷ್ಟು ಕ್ಯಾಸಿನೊದವನ ಪಾಲು ಮೊದಲೇ ಅಡಗಿದೆ.

ತಮ್ಮ ವರದಿಗಾರರು ಇವರನ್ನು ಜೋಸೆಫ್ ಜಾಗರ್, ಎಡ್ವರ್ಡ್ ಥಾರ್ಪ್ ಮೊದಲಾದವರ ಸಾಲಿಗೆ ಸೇರಿಸಿದ್ದು ನನಗೆ ವಿಶೇಷವಾಗಿ ಚುಚ್ಚಿತು. ಜಾಗರ್ ಎಂಬ ಇಂಗ್ಲೆಂಡಿನ ಗಿರಣಿಯವನು ಗುಮಾಸ್ತರನ್ನು ಕೂರಿಸಿ, ಬಿದ್ದ ಅಂಕಿಗಳನ್ನೆಲ್ಲ ಬರೆಸಿ, ಚಕ್ರದ ವಾಲಿಕೆಯನ್ನು ಪತ್ತೆ ಹಚ್ಚಿದ ಮೇಲಷ್ಟೇ ಹಣ ಒಡ್ಡಿದನು. ಅಮೆರಿಕದ ಗಣಿತಜ್ಞರಾದ ಥಾರ್ಪ್ ಮತ್ತು ಕ್ಲಾಡ್ ಶ್ಯಾನನ್ 1961ರಲ್ಲಿ ಸಿಗರೇಟ್ ಪೊಟ್ಟಣದಷ್ಟು ದೊಡ್ಡ ಗಣಕವನ್ನು ಮೈಯಲ್ಲಿ ಬಚ್ಚಿಟ್ಟು, ಶೂ ಒಳಗಿನ ಗುಂಡಿಯನ್ನು ಕಾಲ್ಬೆರಳಿನಿಂದ ಒತ್ತಿ ಗುಂಡಿನ ವೇಗ ಅಳೆದರು. ಅಂಥ ಮೇಧಾವಿಗಳಿಗೂ ತಂತಿ ಪದೇ ಪದೇ ತುಂಡಾಗಿ ಆಟ ಮುಂದುವರಿಸಲಾಗಲಿಲ್ಲ. ನಮ್ಮ ವ್ಯಾಪಾರಿಗೆ ತೂಕದ ಯಂತ್ರವನ್ನೇ ಸರಿಯಾಗಿ ಇಟ್ಟುಕೊಳ್ಳಲು ಬರುತ್ತಿರಲಿಲ್ಲ.

ಹೋಲಿಸಲೇಬೇಕಿದ್ದರೆ 1891ರಲ್ಲಿ ಮಾಂಟೆ ಕಾರ್ಲೊದ ಮೇಜುಗಳ ಹಣವನ್ನೆಲ್ಲ ಬರಿದು ಮಾಡಿದ ಚಾರ್ಲ್ಸ್ ವೆಲ್ಸ್‌ನಿಗೆ ಹೋಲಿಸಬಹುದಿತ್ತು. ಆತ ಒಡ್ಡಿದ ಹಣ ಸುಳ್ಳು ಆವಿಷ್ಕಾರಗಳ ಹೆಸರಿನಲ್ಲಿ ಮಂದಿಯಿಂದ ಎತ್ತಿದ್ದು. 1893ರಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ ಎಂಟು ವರ್ಷ ಶಿಕ್ಷೆ ವಿಧಿಸಿತು. ವೆಲ್ಸ್ ಗೆದ್ದಾದರೂ ಗೆದ್ದಿದ್ದ.

ಶಿಕ್ಷೆಯ ಮಾತು ಹಾಗಿರಲಿ, ಇಲ್ಲಿ ದೂರು ಸ್ವೀಕರಿಸುವವರೇ ಇಲ್ಲ. ಠಾಣೆಗೆ ಮೂರು ಬಾರಿ ಹೋದೆ. ಮೊದಲ ದಿನ ಸಾಹೇಬರು ಬಂದೋಬಸ್ತಿನಲ್ಲಿದ್ದರು, ಎರಡನೆಯ ದಿನ ರಜೆಯಲ್ಲಿದ್ದರು, ಮೂರನೆಯ ದಿನ ಇದ್ದರು. ಇದ್ದು, 'ಇದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿ' ಎಂದರು. ಎರಡು ವರ್ಷಗಳ ಹಿಂದೆ ಆನೆಗಳು ತೋಟಕ್ಕೆ ನುಗ್ಗಿ ಬಾಳೆ ತುಳಿದು ನೀರಿನ ಪೈಪು ಮುರಿದಾಗ ಕೊಟ್ಟ ಪರಿಹಾರದ ಅರ್ಜಿಯೂ ಹೀಗೆಯೇ ಕಚೇರಿಯಿಂದ ಕಚೇರಿಗೆ ರೂಲೆಟ್ ಗುಂಡಿನಂತೆ ಸುತ್ತುತ್ತಿದೆ, ಯಾವ ಮನೆಗೂ ಬೀಳುತ್ತಿಲ್ಲ. ನಮ್ಮ ಪಕ್ಕದ ಹೋಂಸ್ಟೇಯಲ್ಲಿ ವಾರಾಂತ್ಯಕ್ಕೆ ಇಸ್ಪೀಟ್ ಅಡ್ಡೆ ನಡೆಯುತ್ತಿದೆ ಎಂದು ಬರೆದುಕೊಟ್ಟಾಗಲೂ ಬಂದವರು ಊಟ ಮಾಡಿ ಹೋದರೆಂದು ಕೇಳಿದ್ದೇನೆ. ಹುತ್ತರಿ ಹಬ್ಬದ ಸಮಯದಲ್ಲಿ ನೆಂಟರ ನಡುವೆ ನಾನೂ ಎಲೆ ಹಿಡಿದವನೇ. ಆದರೆ ನೆರೆಯವನ ಕಾಫಿಯನ್ನು ಪಣಕ್ಕೆ ಇಟ್ಟವನಲ್ಲ.

ಆದ್ದರಿಂದ ಬೆಳೆಗಾರರಿಂದ ಕಾಫಿ ಕೊಳ್ಳುವವರು ಎಲ್ಲಾದರೂ ಠೇವಣಿ ಇಡುವಂತೆ ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕು, ಅಥವಾ ಕ್ಯಾಸಿನೊಗಳನ್ನಾದರೂ ಮುಚ್ಚಿಸಬೇಕು. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಗೋವಾದ ಹಡಗನ್ನು ನಮ್ಮ ಅಧಿಕಾರಿಗಳು ಮುಚ್ಚಿಸಲಾರರು ಎಂಬುದು ನನಗೂ ತಿಳಿದಿದೆ, ಅವರು ನಮ್ಮ ಪಕ್ಕದ ಹೋಂಸ್ಟೇಯನ್ನೇ ಮುಚ್ಚಿಸಲಿಲ್ಲ. ತಾವಾದರೂ ಇಂಥವರನ್ನು ಸಾಹಸಿಗಳೆಂದು ಬಣ್ಣಿಸುವುದನ್ನು ನಿಲ್ಲಿಸಿರಿ. ವ್ಯಾಪಾರಿ ಮಹಾಶಯರು ಎಲ್ಲಿದ್ದರೂ ಈ ಪತ್ರಿಕೆಯನ್ನು ಓದುತ್ತಾರೆಂದು ಬಲ್ಲೆ. 42 ಚೀಲದ ಚೀಟಿ ಇನ್ನೂ ನನ್ನ ಬಳಿ ಇದೆ.

– ಒಬ್ಬ ಸಣ್ಣ ಕಾಫಿ ಬೆಳೆಗಾರ, ದಕ್ಷಿಣ ಕೊಡಗು