ವಿಶ್ವದ ವಿಸ್ತರಣೆ: ತೀರ್ಮಾನದ ಜೊತೆಗೆ ಅಳತೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತಿರುವ ಡಾರ್ಕ್ ಎನರ್ಜಿಯ ಬಲ ಕುಗ್ಗುತ್ತಿದೆ ಎಂಬರ್ಥದ ಸುದ್ದಿಗಳು 2025ರ ಮಾರ್ಚ್‌ನಿಂದೀಚೆಗೆ ಆಗಾಗ ಪ್ರಕಟವಾಗುತ್ತಿವೆ. ಬಹುಪಾಲು ವರದಿಗಳು ತೀರ್ಮಾನವನ್ನಷ್ಟೇ ಹೇಳಿ, ಅದಕ್ಕೆ ಆಧಾರವಾದ ಅಳತೆ ಹೇಗೆ ನಡೆಯಿತು, ಎಷ್ಟರ ಮಟ್ಟಿಗೆ ಖಚಿತ ಎಂಬುದನ್ನು ಕೈಬಿಡುತ್ತವೆ. ಇಲ್ಲಿ ಅಳತೆಯೇ ದೊಡ್ಡ ಸುದ್ದಿ ಎಂದು ನಂಬಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ಅರಿಜೋನಾದಲ್ಲಿ, ಕಿಟ್ ಪೀಕ್ ಬೆಟ್ಟದ ಮೇಲಿರುವ ನಾಲ್ಕು ಮೀಟರ್ ವ್ಯಾಸದ ಮೇಯಾಲ್ ದೂರದರ್ಶಕಕ್ಕೆ ಅಳವಡಿಸಿರುವ ‘ಡೆಸಿ’ ಎಂಬ ಉಪಕರಣ 2021ರ ಮೇ ತಿಂಗಳಿಂದ ಗೆಲಾಕ್ಸಿಗಳ ಸಮೀಕ್ಷೆ ನಡೆಸುತ್ತಿದೆ. ಅದರಲ್ಲಿರುವ 5,000 ಪುಟ್ಟ ರೋಬಾಟ್‌ಗಳಲ್ಲಿ ಪ್ರತಿಯೊಂದೂ ಒಂದು ಆಪ್ಟಿಕಲ್ ಫೈಬರಿನ ತುದಿಯನ್ನು ಗೊತ್ತುಪಡಿಸಿದ ಗೆಲಾಕ್ಸಿಯ ಬಿಂಬದ ಮೇಲೆ ತಂದು ನಿಲ್ಲಿಸುತ್ತದೆ. ಹಿಂದಿನ ಸ್ಲೋನ್ ಸಮೀಕ್ಷೆಯಲ್ಲಿ ಅಲ್ಯೂಮಿನಿಯಂ ತಟ್ಟೆಗಳಿಗೆ ರಂಧ್ರ ಕೊರೆದು, ನೂರಾರು ಎಳೆಗಳನ್ನು ತಂತ್ರಜ್ಞರು ಕೈಯಿಂದಲೇ ಸಿಕ್ಕಿಸುತ್ತಿದ್ದರು. 2022ರ ಜೂನ್‌ನಲ್ಲಿ ಕಾಳ್ಗಿಚ್ಚು ಕಿಟ್ ಪೀಕ್‌ನ ನೆತ್ತಿಗೇ ಬಂದು ವಸತಿ ಕಟ್ಟಡವನ್ನೂ ಸುಟ್ಟಿತು. ದೂರದರ್ಶಕ ಉಳಿದದ್ದರಿಂದ ಕೆಲವು ತಿಂಗಳ ಬಳಿಕ ಸಮೀಕ್ಷೆ ಮುಂದುವರಿಯಿತು.

ಎಳೆಗಳ ಮೂಲಕ ಬಂದ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಸಿಗುವ ಕೆಂಪು ಪಲ್ಲಟ (ಬೆಳಕಿನ ಅಲೆಗಳು ಕೆಂಪಿನತ್ತ ಸರಿದ ಪ್ರಮಾಣ), ಆ ಬೆಳಕು ಹೊರಟ ಮೇಲೆ ವಿಶ್ವ ಎಷ್ಟು ಪಟ್ಟು ಹಿಗ್ಗಿದೆ ಎಂಬುದನ್ನು ತಿಳಿಸುತ್ತದೆ. ಇನ್ನು ದೂರವನ್ನು ಅಳೆಯಲು ನಿಸರ್ಗವೇ ಒಂದು ಅಳತೆಗೋಲು ಒದಗಿಸಿದೆ. ಆದಿಯ ಬಿಸಿ ಅನಿಲದಲ್ಲಿ ಹರಡುತ್ತಿದ್ದ ಶಬ್ದತರಂಗಗಳು, ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ ತುಂಬಿ ಬೆಳಕು ದ್ರವ್ಯದ ಹಿಡಿತದಿಂದ ಬಿಡಿಸಿಕೊಂಡಾಗ, ನಿಂತುಬಿಟ್ಟವು. ಅವು ಉಳಿಸಿದ ಗುರುತಿನಿಂದಾಗಿ ಇಂದಿಗೂ ಸುಮಾರು 49 ಕೋಟಿ ಜ್ಯೋತಿರ್ವರ್ಷಗಳ ಅಂತರದಲ್ಲಿ ಗೆಲಾಕ್ಸಿ ಜೋಡಿಗಳು ನಿರೀಕ್ಷೆಗಿಂತ ತುಸು ಹೆಚ್ಚಾಗಿ ಕಾಣಸಿಗುತ್ತವೆ. ಆ ‘ತುಸು’ ಎಷ್ಟು ಸಣ್ಣದೆಂದರೆ, ಕೆಲವು ಸಾವಿರ ಗೆಲಾಕ್ಸಿಗಳನ್ನು ನೋಡಿದರೆ ಅದು ಗೋಚರಿಸುವುದೇ ಇಲ್ಲ. 2005ರಲ್ಲಿ ಸ್ಲೋನ್ ತಂಡ ಸುಮಾರು 47 ಸಾವಿರ ಕೆಂಪು ಗೆಲಾಕ್ಸಿಗಳಲ್ಲಿ ಅದನ್ನು ಗುರುತಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಸಮೀಕ್ಷೆಯೊಂದರಲ್ಲೂ ಅದು ಕಂಡಿತು. ಡೆಸಿಯ ಮೊದಲ ಮೂರು ವರ್ಷಗಳ ವಿಶ್ಲೇಷಣೆಯಲ್ಲಿ ಬಳಕೆಯಾದ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ (ಅತಿ ಪ್ರಕಾಶಮಾನವಾದ ಗೆಲಾಕ್ಸಿ ಕೇಂದ್ರಗಳ) ಸಂಖ್ಯೆ ಹತ್ತಿರ ಹತ್ತಿರ 1.5 ಕೋಟಿ. ಬೇರೆ ಬೇರೆ ಕಾಲಘಟ್ಟಗಳಲ್ಲಿ ಅದೇ ಅಳತೆಗೋಲು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನೋಡುತ್ತಾ, ಸುಮಾರು 1,100 ಕೋಟಿ ವರ್ಷಗಳ ವಿಸ್ತರಣೆಯ ಚರಿತ್ರೆಯನ್ನು ವಿಜ್ಞಾನಿಗಳು ಬರೆಯುತ್ತಿದ್ದಾರೆ. ಮನುಷ್ಯರು ಕೈಗೊಂಡ ಅತ್ಯಂತ ಘನವಾದ ಲೆಕ್ಕಾಚಾರಗಳಲ್ಲಿ ಇದೂ ಒಂದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹಾಗಾದರೆ ಡಾರ್ಕ್ ಎನರ್ಜಿ ಬದಲಾಗುತ್ತಿದೆಯೇ? ಡೆಸಿಯ ಅಳತೆಯನ್ನಷ್ಟೇ ನೋಡಿದರೆ, ಡಾರ್ಕ್ ಎನರ್ಜಿ ಬದಲಾಗದ ಸ್ಥಿರಾಂಕ ಎಂಬ ಹಳೆಯ ಚಿತ್ರಣಕ್ಕೂ ಅದು ಹೊಂದುತ್ತದೆ. ಆದಿಯ ಬೆಳಕಿನ ಹಾಗೂ ಸೂಪರ್‌ನೋವಾಗಳ (ಸ್ಫೋಟಿಸುವ ನಕ್ಷತ್ರಗಳ) ಅಳತೆಗಳನ್ನು ಅದರೊಂದಿಗೆ ಸೇರಿಸಿದಾಗ ಬದಲಾವಣೆಯ ಸೂಚನೆ 2.8ರಿಂದ 4.2 ಸಿಗ್ಮಾದವರೆಗೆ ಬರುತ್ತದೆ. ಫಲಿತಾಂಶ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಎಷ್ಟು ಕಡಿಮೆ ಎಂಬುದರ ಅಳತೆಯೇ ಸಿಗ್ಮಾ; ಅದು ಹೆಚ್ಚಿದಷ್ಟೂ ಖಚಿತತೆ ಹೆಚ್ಚು. ಯಾವ ಸೂಪರ್‌ನೋವಾ ಪಟ್ಟಿಯನ್ನು ಬಳಸಿದೆವು ಎಂಬುದರ ಮೇಲೆ ಈ ಅಂಕಿ ಏರುಪೇರಾಗುತ್ತದೆ. ಭೌತವಿಜ್ಞಾನದಲ್ಲಿ ಹೊಸ ಶೋಧವೆಂದು ಒಪ್ಪಲು ರೂಢಿಯಲ್ಲಿರುವ ಮಟ್ಟ 5 ಸಿಗ್ಮಾ. ಈ ಅಂಕಿಗಳನ್ನು ನಾನು ಪತ್ರಿಕಾ ವರದಿಗಳಲ್ಲಿ ಕಂಡದ್ದು ತೀರ ವಿರಳ. ಇವನ್ನು ಬಿಟ್ಟು, ಐನ್‌ಸ್ಟೈನ್ 1917ರಲ್ಲಿ ಮಂಡಿಸಿದ ಸ್ಥಿರಾಂಕ ಸುಳ್ಳಾಯಿತು ಎಂದುಬಿಟ್ಟರೆ ಓದುಗರಿಗೆ ಮಾತ್ರವಲ್ಲ, ಎಚ್ಚರದಿಂದ ಮಾತನಾಡಿದ ವಿಜ್ಞಾನಿಗಳಿಗೂ ಅನ್ಯಾಯ ಮಾಡಿದಂತೆ.

ಡೆಸಿಯ ಮೊದಲ ವರ್ಷದ ದತ್ತಾಂಶ 2025ರ ಮಾರ್ಚ್‌ನಿಂದ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ. ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇರುವ ನಮ್ಮ ರಾಜ್ಯದ ಯಾವುದೇ ಕಾಲೇಜಿನ ವಿದ್ಯಾರ್ಥಿ ಒಂದು ಗೆಲಾಕ್ಸಿಯ ರೋಹಿತವನ್ನು ತೆರೆದು, ಅದರ ಕೆಂಪು ಪಲ್ಲಟವನ್ನು ತಾನೇ ಲೆಕ್ಕ ಹಾಕಬಹುದು. ಡೆಸಿಯ ಮುಂದಿನ ಫಲಿತಾಂಶ ಬಂದಾಗ ತಮ್ಮ ಪತ್ರಿಕೆ ಶೀರ್ಷಿಕೆಯ ಪಕ್ಕದಲ್ಲೇ ಆ ಸಿಗ್ಮಾದ ಅಂಕಿಯನ್ನೂ, ವಿದ್ಯಾರ್ಥಿಗಳಿಗಾಗಿ ಅಳತೆಯ ವಿಧಾನವನ್ನು ವಿವರಿಸುವ ಅರ್ಧ ಪುಟದ ಲೇಖನವನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಭೌತವಿಜ್ಞಾನ ಅಧ್ಯಾಪಕ, ಧಾರವಾಡ